ಮೂರು ಚುಕ್ಕಿ ಇಡುವ ಮುನ್ನ



ಕಲಬುರಗಿ, ಬೀದರ, ವಿಜಯಪುರದ ಎಂಜಿನಿಯರಿಂಗ್ ಕಾಲೇಜು ಮುಗಿಸಿ ಬಂದವರು ನಿಮ್ಮಲ್ಲಿದ್ದೀರಿ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತದ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತವರೂ ಇದ್ದೀರಿ. ಎಲ್ಲರೂ ಈಗ ಪುಣೆಯ ಹಡಪಸರದವರು. ಮಗರಪಟ್ಟಾದ ರೈತ ಕುಟುಂಬಗಳು ಹೊಲವನ್ನು ತುಂಡುತುಂಡಾಗಿ ಮಾರಿಕೊಳ್ಳದೆ, ಸುಮಾರು 400 ಎಕರೆಯನ್ನು ಒಟ್ಟುಗೂಡಿಸಿ ತಾವೇ ಕಟ್ಟಿಸಿದ ನಗರದೊಳಗೆ ಕೆಲವರ ಆಫೀಸು. ಫುರಸುಂಗಿ ಕಡೆಯ ಐಟಿ ಪಾರ್ಕಿನಲ್ಲಿ ಇನ್ನು ಕೆಲವರದು. ಗಾಡಿತಳದ ಗದ್ದಲದ ನಡುವೆ ನಮ್ಮ ಕಡೆಯ ಕನ್ನಡ ಕಿವಿಗೆ ಬಿದ್ದರೆ ನನ್ನ ಕಾಲು ಈಗಲೂ ನಿಲ್ಲುತ್ತದೆ.

ನಿಮ್ಮಲ್ಲಿ ಬಹಳ ಮಂದಿಯ ಮೊದಲ ಕೆಲಸ ಜಾವಾ. ಅದೂ ಹೊಸದಾಗಿ ಬರೆಯುವ ಕೆಲಸವಲ್ಲ; ಹತ್ತು ಹದಿನೈದು ವರ್ಷದಿಂದ ಓಡುತ್ತಿರುವ ಬ್ಯಾಂಕಿನ, ವಿಮೆಯ ಕೋಡಿಗೆ ಕೈ ಹಾಕುವ ಕೆಲಸ. ಅಂಥ ಕೋಡಿನಲ್ಲಿ ನೀವು ಒಂದು ದಿನ ಒಂದು ಮೆಥಡ್‌ನ ಕೊನೆಯ ಪ್ಯಾರಾಮೀಟರಿಗೆ ಮೂರು ಚುಕ್ಕಿ ಇಡುತ್ತೀರಿ. ವಾರ್‌ಆರ್ಗ್ಸ್ ಎಂದು ಎಲ್ಲರೂ ಕರೆಯುವ ಸಂಗತಿ. ಕಾಲೇಜಿನಲ್ಲಿ ಹರ್ಬರ್ಟ್ ಶಿಲ್ಡ್ಟ್ ಅವರ ದಪ್ಪ ಪುಸ್ತಕದಲ್ಲಿ ಎರಡು ಮೂರು ಪುಟ ಓದಿ, ಪರೀಕ್ಷೆಗೆ ಒಂದು ಪ್ರಶ್ನೆ ಬರೆದು ಬಿಟ್ಟಿರುತ್ತೀರಿ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದದ ಕಿವಿಮಾತು ಯಾಕೆ ಎಂದರೆ, ಮೂರು ಚುಕ್ಕಿಯ ಸುಖ ಮೆಥಡ್ ಕರೆಯುವವರದು, ಹೊಣೆ ಪೂರ್ತಿ ಬರೆದವರದು. ಆ ಹೊಣೆ ಏನೇನು ಎಂದು ಬಿಡಿಸಿ ಹೇಳುವವರು ಕಡಿಮೆ.

ಮೊದಲು ಇದು ಎಲ್ಲಿಂದ ಬಂತು ನೋಡಿ. ಸಿ ಭಾಷೆಯ ಪ್ರಿಂಟ್‌ಎಫ್ ನಿಮಗೆ ಗೊತ್ತು. ಎಷ್ಟು ಬೇಕಾದರೂ ಮೌಲ್ಯ ಕೊಡಬಹುದು, ಆದರೆ ಎಷ್ಟು ಬಂದವು ಎಂಬುದು ಆ ಫಂಕ್ಷನ್ನಿಗೆ ತಿಳಿಯುವುದಿಲ್ಲ. ಫಾರ್ಮ್ಯಾಟ್ ಸಾಲಿನಲ್ಲಿ ಮೂರು ಜಾಗವಿದೆ ಎಂದರೆ ಮೂರು ಬಂದಿವೆ ಎಂದು ನಂಬಿ ಓದುತ್ತದೆ. ಎರಡೇ ಕೊಟ್ಟಿದ್ದರೆ ಮೆಮೊರಿಯಲ್ಲಿ ಪಕ್ಕಕ್ಕೆ ಸಿಕ್ಕಿದ್ದನ್ನು ಓದಿ ಹಾಕುತ್ತದೆ. ಜಾವಾ ಹುಟ್ಟಿದಾಗ ಈ ಸೌಲಭ್ಯವನ್ನೇ ಇಟ್ಟುಕೊಳ್ಳಲಿಲ್ಲ. ಮೆಸೇಜ್‌ಫಾರ್ಮ್ಯಾಟ್ ಬಳಸಬೇಕಾದರೆ ನಾವು ಪ್ರತಿ ಸಲವೂ ಆಬ್ಜೆಕ್ಟ್ ಅರೇ ಒಂದನ್ನು ಕೈಯಾರೆ ಕಟ್ಟಿ ಕೊಡಬೇಕಿತ್ತು. 2004ರ ಸೆಪ್ಟೆಂಬರ್ 30ರಂದು ಜಾವಾ 5 ಬಂತು, ಟೈಗರ್ ಎಂಬ ಅಡ್ಡಹೆಸರಿನದು. ಜೆನೆರಿಕ್ಸ್, ಈನಮ್, ಆಟೋಬಾಕ್ಸಿಂಗ್, ಹೊಸ ಬಗೆಯ ಫಾರ್ ಲೂಪ್, ಇವುಗಳ ಜೊತೆಗೇ ವಾರ್‌ಆರ್ಗ್ಸ್ ಕೂಡ ಬಂತು. ಜಾವಾಕ್ಕೂ ಪ್ರಿಂಟ್‌ಎಫ್ ಸಿಕ್ಕಿದ್ದು ಆಗಲೇ.

ಸಿ ಭಾಷೆಯ ಅಪಾಯವನ್ನು ಜಾವಾ ಹೇಗೆ ದೂರವಿಟ್ಟಿತು? ಮೂರು ಚುಕ್ಕಿ ಎಂದರೆ ಒಳಗೆ ಅರೇ, ಅಷ್ಟೇ. ನೀವು ಐದು ಮೌಲ್ಯ ಕೊಟ್ಟರೆ ಕಂಪೈಲರ್ ಐದು ಮನೆಯ ಅರೇ ಕಟ್ಟಿ ಕಳಿಸುತ್ತದೆ. ಏನೂ ಕೊಡದಿದ್ದರೆ ಖಾಲಿ ಅರೇ ಕಳಿಸುತ್ತದೆ. ಅರೇಗೆ ತನ್ನ ಉದ್ದ ಗೊತ್ತು, ತನ್ನ ಟೈಪ್ ಗೊತ್ತು. ಈ ಒಂದು ಮಾತು ತಲೆಯಲ್ಲಿ ಗಟ್ಟಿಯಾಗಿ ಕೂತರೆ ಮುಂದೆ ನಾನು ಹೇಳುವುದರಲ್ಲಿ ಅರ್ಧದಷ್ಟು ನೀವೇ ಊಹಿಸಬಲ್ಲಿರಿ. ಒಂದು ಮೆಥಡ್‌ನಲ್ಲಿ ಒಂದೇ ವಾರ್‌ಆರ್ಗ್ಸ್ ಇರಬೇಕು, ಅದೂ ಕೊನೆಯಲ್ಲೇ ಇರಬೇಕು ಎಂಬ ನಿಯಮವೂ ಹಾಗೆಯೇ ತಿಳಿಯುತ್ತದೆ; ನಡುವೆ ಇಟ್ಟರೆ ಎಲ್ಲಿಗೆ ನಿಲ್ಲಿಸಬೇಕು ಎಂದು ಹೇಳುವವರು ಯಾರೂ ಇರುವುದಿಲ್ಲ.

ಈಗ ಒಂದು ಮೆಥಡ್ ಹತ್ತಿರದಿಂದ ನೋಡೋಣ. ನೀವು ಹಬ್ಬಕ್ಕೆ ಊರಿಗೆ ಹೋಗುವ ರೈಲು ದಾರಿಯನ್ನೇ ತೆಗೆದುಕೊಳ್ಳಿ: ಹಡಪಸರ, ದೌಂಡ್, ಕುರ್ಡುವಾಡಿ, ಸೋಲಾಪುರ, ಗಾಣಗಾಪುರ ರೋಡ್, ಕಲಬುರಗಿ. ಈ ದಾರಿಯನ್ನು ಕಟ್ಟುವ ಮೆಥಡ್ ಬರೆಯಿರಿ ಎಂದರೆ ಹೊಸಬರಲ್ಲಿ ಹೆಚ್ಚಿನವರು ಹೀಗೆ ಬರೆಯುತ್ತಾರೆ:

ಮಾರ್ಗ(ಸ್ಟ್ರಿಂಗ್... ಊರುಗಳು)

(ನಿಜವಾದ ಕೋಡಿನಲ್ಲಿ ಸ್ಟ್ರಿಂಗ್ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಆದರೆ ಮಾರ್ಗ, ಊರುಗಳು ಎಂಬ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಇಟ್ಟರೂ ಜಾವಾ ಒಪ್ಪುತ್ತದೆ, ಯೂನಿಕೋಡ್ ಅಕ್ಷರಗಳಿಗೆ ಅಲ್ಲಿ ಅಡ್ಡಿಯಿಲ್ಲ. ಮನೆಯಲ್ಲಿ ಕಲಿಯುವಾಗ ಹಾಗೆ ಬರೆದು ನೋಡಿ, ವಿಷಯ ಬೇಗ ಹತ್ತುತ್ತದೆ.)

ನೋಡಲು ಚೆಂದವಿದೆ. ಕರೆಯುವವರು ಊರಿನ ಹೆಸರುಗಳನ್ನು ಸಾಲಾಗಿ ಕೊಟ್ಟರೆ ಮುಗಿಯಿತು. ಆದರೆ ಯಾರೋ ಹಡಪಸರ ಎಂದಷ್ಟೇ ಬರೆದು ಬಿಟ್ಟರೆ? ಏನೂ ಬರೆಯದೆ ಖಾಲಿ ಆವರಣ ಇಟ್ಟು ಕರೆದರೆ? ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಟೆಸ್ಟ್ ಬರೆಯದಿದ್ದರೆ ಅದು ನೇರ ಪ್ರೊಡಕ್ಷನ್ನಿಗೆ ಹೋಗುತ್ತದೆ. ನಿಮ್ಮ ಮೆಥಡ್ ಒಳಗೆ ಸೊನ್ನೆಯ ಜಾಗದಲ್ಲಿರುವ ಊರನ್ನು ಓದಲು ಹೋದಾಗ ಇಂಡೆಕ್ಸ್ ಮೀರಿತು ಎಂಬ ಎಕ್ಸೆಪ್ಷನ್ ಬೀಳುತ್ತದೆ, ಅದೂ ರಾತ್ರಿ ಸಪೋರ್ಟ್ ಶಿಫ್ಟಿನಲ್ಲಿ ಕೂತ ಇನ್ನಾರದೋ ಮುಂದೆ. ಮೂರು ಚುಕ್ಕಿ ಇಟ್ಟಿರಿ ಎಂದರೆ ಸೊನ್ನೆ ಬಂದರೂ ಸರಿ, ಒಂದು ಬಂದರೂ ಸರಿ, ನೂರು ಬಂದರೂ ಸರಿ ಎಂದು ಮಾತು ಕೊಟ್ಟಂತೆ. ಎಷ್ಟು ಮಂದಿ ಬಂದರೂ ಬಡಿಸುತ್ತೇನೆ ಎಂದು ಪಂಕ್ತಿ ಹಾಕಿದವರು ಯಾರೂ ಬಾರದ ಹೊತ್ತಿಗೂ ಉತ್ತರ ಇಟ್ಟುಕೊಂಡಿರಬೇಕು.

ಹಾಗಾದರೆ ಉದ್ದ ಎರಡಕ್ಕಿಂತ ಕಡಿಮೆಯಿದ್ದರೆ ಎಕ್ಸೆಪ್ಷನ್ ಎಸೆಯುತ್ತೇನೆ ಎನ್ನುತ್ತೀರಿ. ಎಸೆಯಬಹುದು. ಅದಕ್ಕಿಂತ ಒಳ್ಳೆಯ ದಾರಿ ಇದೆ:

ಮಾರ್ಗ(ಸ್ಟ್ರಿಂಗ್ ಹೊರಡುವ, ಸ್ಟ್ರಿಂಗ್ ಸೇರುವ, ಸ್ಟ್ರಿಂಗ್... ನಡುವಿನ)

ಹೊರಡುವ ಊರಿಲ್ಲದೆ ದಾರಿಯಿಲ್ಲ, ಸೇರುವ ಊರಿಲ್ಲದೆಯೂ ಇಲ್ಲ. ಅವೆರಡಕ್ಕೂ ಅವುಗಳದೇ ಹೆಸರು, ಅವುಗಳದೇ ಜಾಗ. ನಡುವಿನ ನಿಲ್ದಾಣಗಳಿಗೆ ಮಾತ್ರ ಮೂರು ಚುಕ್ಕಿ, ಯಾಕೆಂದರೆ ನಿಜವಾಗಿಯೂ ಎಷ್ಟೆಂದು ಗೊತ್ತಿಲ್ಲದವು ಅವೇ, ಒಂದೂ ಇಲ್ಲದಿದ್ದರೂ ನಡೆಯುವಂಥವೂ ಅವೇ. ಈಗ ಒಂದೇ ಊರು ಕೊಟ್ಟು ಕರೆದರೆ ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. ಓಡುವಾಗ ಬೀಳಬೇಕಿದ್ದ ತಪ್ಪು ಬರೆಯುವಾಗಲೇ ಸಿಕ್ಕಿತು. ಇದು ನನ್ನ ಉಪಾಯವಲ್ಲ. ಜಾವಾ 5ರ ಭಾಷಾ ಬದಲಾವಣೆಗಳ ಮುಂದಾಳಾಗಿದ್ದ ಜಾಶುವಾ ಬ್ಲಾಕ್ ತಮ್ಮ ಎಫೆಕ್ಟಿವ್ ಜಾವಾ ಪುಸ್ತಕದಲ್ಲಿ ವಾರ್‌ಆರ್ಗ್ಸ್‌ಗಾಗಿಯೇ ಒಂದು ಭಾಗ ಇಟ್ಟು ಇದನ್ನು ವಿವರಿಸಿದ್ದಾರೆ. 2018ರ ಮೂರನೆಯ ಆವೃತ್ತಿಯಲ್ಲಿ ಅದು 53ನೆಯದು. ಜಾವಾದ ಸ್ವಂತ ಲೈಬ್ರರಿಯೂ ಹೀಗೇ ಬರೆಯಲ್ಪಟ್ಟಿದೆ. ಜಾವಾ 7ರಲ್ಲಿ ಬಂದ ಪಾತ್ಸ್.ಗೆಟ್ ತೆರೆದು ನೋಡಿ: ಮೊದಲ ಹೆಸರು ಕಡ್ಡಾಯ, ಮಿಕ್ಕವಕ್ಕೆ ಚುಕ್ಕಿ.

ಒಂದು ಹುಡುಗಿ ಇತ್ತೀಚೆಗೆ ನನ್ನನ್ನು ಕೇಳಿದಳು, "ಕಾಕಾ, ನಡುವಿನ ಊರೆಲ್ಲಾ ಒಂದು ಅರೇದಾಗ ಅದಾವು. ಅದನ್ನ ಹಂಗ ಕಳಿಸಿದ್ರ ನಡೀತದೇನು?" ನಡೀತದವ್ವಾ, ಸ್ಟ್ರಿಂಗ್ ಅರೇ ಆಗಿದ್ದರೆ. ಒಳಗೆ ಅದು ಅರೇಯೇ ಆದ್ದರಿಂದ ಕಂಪೈಲರ್ ಹೊಸದನ್ನು ಕಟ್ಟದೆ ನೀನು ಕೊಟ್ಟದ್ದನ್ನೇ ದಾಟಿಸುತ್ತದೆ. ಆದರೆ ಅಲ್ಲಿಂದಲೇ ಎರಡು ಗುಂಡಿ ಶುರುವಾಗುತ್ತವೆ.

ಒಂದು, ಅವಳ ಅರೇ ಮತ್ತು ನಿಮ್ಮ ಮೆಥಡ್ ಒಳಗಿನ ಅರೇ ಎರಡೂ ಒಂದೇ ವಸ್ತು. ನೀವು ಒಳಗೆ ಅದನ್ನು ಸಾರ್ಟ್ ಮಾಡಿದರೆ ಹೊರಗೆ ಅವಳ ಊರುಗಳ ಕ್ರಮ ಕೆಡುತ್ತದೆ. ನೀವು ಅದನ್ನು ಕ್ಲಾಸಿನ ಫೀಲ್ಡಿನಲ್ಲಿ ಇಟ್ಟುಕೊಂಡರೆ, ನಾಳೆ ಅವಳು ಕುರ್ಡುವಾಡಿಯ ಜಾಗದಲ್ಲಿ ಬೇರೆ ಊರು ಬರೆದಾಗ ನಿಮ್ಮ ಮಾರ್ಗವೂ ಬದಲಾಗುತ್ತದೆ. ಇಟ್ಟುಕೊಳ್ಳಬೇಕಾದರೆ ನಕಲು ಮಾಡಿ ಇಟ್ಟುಕೊಳ್ಳಿ. ಬದಲಾಯಿಸಬೇಕಾದರೂ ಅಷ್ಟೇ.

ಎರಡನೆಯದು ಇಂಟ್ ಅರೇ. ಅರೇಸ್.ಆಸ್‌ಲಿಸ್ಟ್‌ಗೆ ಇಂಟ್ ಅರೇ ಒಂದನ್ನು ಕೊಟ್ಟು ಅದರ ಉದ್ದ ಕೇಳಿ. ಒಳಗೆ ಮೂರು ಅಂಕಿ ಇದ್ದರೂ ಒಂದು ಎಂದೇ ಉತ್ತರ ಬರುತ್ತದೆ. ಇಂಟ್ ಎಂಬುದು ಆಬ್ಜೆಕ್ಟ್ ಅಲ್ಲ, ಆದ್ದರಿಂದ ಇಂಟ್ ಅರೇಯನ್ನು ಆಬ್ಜೆಕ್ಟ್‌ಗಳ ಅರೇ ಎಂದು ಬಿಡಿಸಲಾಗದು. ಇಡೀ ಅರೇಯೇ ಒಂದು ಆಬ್ಜೆಕ್ಟ್ ಎಂದು ಒಂದು ಮನೆಯಲ್ಲಿ ಕೂರುತ್ತದೆ. ಪ್ರಿಂಟ್ ಮಾಡಿದರೆ ಆಟ್ ಚಿಹ್ನೆಯ ಜೊತೆಗೆ ಅರ್ಥವಿಲ್ಲದ ಅಕ್ಷರ ಅಂಕಿಗಳು ಬರುತ್ತವೆ. ವಾರ್‌ಆರ್ಗ್ಸ್ ಬರುವ ಮೊದಲು ಇದೇ ಸಾಲು ಕಂಪೈಲ್ ಆಗುತ್ತಲೇ ಇರಲಿಲ್ಲ, ತಪ್ಪು ಕೂಡಲೇ ಗೊತ್ತಾಗುತ್ತಿತ್ತು ಎಂಬುದನ್ನು ಗಮನಿಸಿ.

ಇದಕ್ಕೆ ಉಲ್ಟಾ ಆಗುವುದೂ ಉಂಟು. ದೌಂಡ್, ಕುರ್ಡುವಾಡಿ, ಸೋಲಾಪುರ ಎಂಬ ಮೂರು ಹೆಸರಿರುವ ಸ್ಟ್ರಿಂಗ್ ಅರೇಯನ್ನು ಸ್ಟ್ರಿಂಗ್.ಫಾರ್ಮ್ಯಾಟ್‌ಗೆ ಕೊಟ್ಟು, ಫಾರ್ಮ್ಯಾಟ್ ಸಾಲಿನಲ್ಲಿ ಒಂದೇ ಜಾಗ ಇಡಿ. ಮೂರೂ ಬರುತ್ತವೆ ಎಂದುಕೊಂಡರೆ ಬರುವುದು ದೌಂಡ್ ಮಾತ್ರ. ಅರೇ ಬಿಡಿಯಾಗಿ ಮೂರು ಆರ್ಗ್ಯುಮೆಂಟ್ ಆಯಿತು, ಇದ್ದ ಒಂದು ಜಾಗಕ್ಕೆ ಮೊದಲನೆಯದು ಕೂತಿತು, ಉಳಿದ ಎರಡನ್ನು ಜಾವಾ ಸದ್ದಿಲ್ಲದೆ ಬಿಟ್ಟಿತು. ಜಾಗ ಹೆಚ್ಚಾಗಿ ಆರ್ಗ್ಯುಮೆಂಟ್ ಕಡಿಮೆಯಾದರೆ ಎಕ್ಸೆಪ್ಷನ್ ಬೀಳುತ್ತದೆ. ಆರ್ಗ್ಯುಮೆಂಟ್ ಹೆಚ್ಚಾದರೆ ಏನೂ ಆಗುವುದಿಲ್ಲ. ಈ ಎರಡನೆಯದೇ ಕೆಟ್ಟದ್ದು, ಯಾಕೆಂದರೆ ಕಾಣುವುದಿಲ್ಲ. ಸ್ಟ್ರಿಂಗ್ ಅರೇಯನ್ನು ಹೀಗೆ ಕೊಟ್ಟ ಕಡೆ ಕಂಪೈಲರ್ ಒಂದು ಎಚ್ಚರಿಕೆ ಕೊಡುತ್ತದೆ. ಬಿಲ್ಡ್ ಹಸಿರಾಯಿತು ಎಂದು ಎಚ್ಚರಿಕೆಗಳನ್ನು ಓದದೆ ಮುಚ್ಚುವ ಅಭ್ಯಾಸ ದಯವಿಟ್ಟು ಮಾಡಿಕೊಳ್ಳಬೇಡಿ.

ನಲ್ ವಿಷಯಕ್ಕೆ ಬಂದರೆ ಇನ್ನೂ ಸೂಕ್ಷ್ಮ. ವಾರ್‌ಆರ್ಗ್ಸ್ ಇರುವ ಜಾಗಕ್ಕೆ ನಲ್ ಎಂದು ನೇರವಾಗಿ ಬರೆದು ಕರೆದರೆ, ಅರೇಯೇ ನಲ್ ಆಗಿ ಒಳಗೆ ಬರುತ್ತದೆ; ಅದರ ಉದ್ದ ಕೇಳಿದ ಕೂಡಲೇ ನಲ್‌ಪಾಯಿಂಟರ್ ಎಕ್ಸೆಪ್ಷನ್. ಅದೇ, ನಲ್ ಮೌಲ್ಯವಿರುವ ಸ್ಟ್ರಿಂಗ್ ವೇರಿಯಬಲ್ ಒಂದನ್ನು ಕೊಟ್ಟು ಕರೆದರೆ, ಒಂದು ಮನೆಯ ಅರೇ ಬರುತ್ತದೆ, ಆ ಮನೆಯೊಳಗೆ ನಲ್ ಇರುತ್ತದೆ. ಎರಡೂ ಕಡೆ ಕೊಟ್ಟದ್ದು ನಲ್, ಒಳಗೆ ಸಿಕ್ಕಿದ್ದು ಬೇರೆ ಬೇರೆ. ಕಂಪೈಲರ್ ನೋಡುವುದು ವೇರಿಯಬಲ್‌ನ ಟೈಪನ್ನೇ ಹೊರತು ಓಡುವಾಗ ಅದರಲ್ಲಿರುವ ಮೌಲ್ಯವನ್ನಲ್ಲ. ಇದನ್ನು ಪುಸ್ತಕದಲ್ಲಿ ಓದಿ ಬಿಡಬೇಡಿ. ಜೆ-ಶೆಲ್ ತೆರೆದು ಎರಡು ಸಾಲು ಟೈಪ್ ಮಾಡಿ ಕಣ್ಣಾರೆ ನೋಡಿ.

ಓವರ್‌ಲೋಡ್ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ: ವಾರ್‌ಆರ್ಗ್ಸ್ ಇರುವ ಮೆಥಡ್‌ಗೆ ಅದೇ ಹೆಸರಿನ ಇನ್ನೊಂದು ಮೆಥಡ್ ಸೇರಿಸಬೇಡಿ, ಎರಡೂ ಮಾಡುವ ಕೆಲಸ ಒಂದೇ ಆಗಿದ್ದರೆ ಮಾತ್ರ ಸೇರಿಸಿ. ಕಾರಣವಿದೆ. ಯಾವ ಮೆಥಡ್ ಕರೆಯಬೇಕು ಎಂದು ಕಂಪೈಲರ್ ಮೂರು ಹಂತದಲ್ಲಿ ಹುಡುಕುತ್ತದೆ. ಮೊದಲ ಹಂತದಲ್ಲಿ ಬಾಕ್ಸಿಂಗೂ ಇಲ್ಲ, ಮೂರು ಚುಕ್ಕಿಯೂ ಇಲ್ಲ. ಸಿಗದಿದ್ದರೆ ಎರಡನೆಯ ಹಂತದಲ್ಲಿ ಬಾಕ್ಸಿಂಗ್ ಸೇರಿಸಿ ಹುಡುಕುತ್ತದೆ. ಅಲ್ಲಿಯೂ ಸಿಗದಿದ್ದರೆ ಮಾತ್ರ ಚುಕ್ಕಿಯ ಸರದಿ. ಹಳೆಯ ಮೆಥಡ್‌ಗಳು ವಾರ್‌ಆರ್ಗ್ಸ್ ಬಂದದ್ದರಿಂದ ಕೆಡಬಾರದು ಎಂದು ಹಾಗೆ ಮಾಡಿದ್ದಾರೆ, ಅದು ಸರಿಯೇ. ಆದರೆ ಇದರ ಪರಿಣಾಮ ನೋಡಿ. ಬರೆ(ಇಂಟ್...) ಎಂಬ ಮೆಥಡ್ ಇದೆ, ಬರೆ(5) ಎಂದು ನೂರು ಕಡೆ ಕರೆದಿದ್ದಾರೆ. ಪಕ್ಕದ ಟೀಮಿನವರು ಒಳ್ಳೆಯ ಮನಸ್ಸಿನಿಂದ ಬರೆ(ಆಬ್ಜೆಕ್ಟ್) ಎಂಬ ಇನ್ನೊಂದನ್ನು ಸೇರಿಸುತ್ತಾರೆ. ಮುಂದಿನ ಬಿಲ್ಡ್‌ನಲ್ಲಿ ಆ ನೂರು ಕರೆಗಳೂ ಹೊಸ ಮೆಥಡ್‌ಗೆ ಹೋಗುತ್ತವೆ. ಒಂದು ಸಾಲೂ ಕೆಂಪಾಗುವುದಿಲ್ಲ. ಬರೆ(ಇಂಟ್...) ಮತ್ತು ಬರೆ(ಬೂಲಿಯನ್...) ಎರಡೂ ಇದ್ದು, ಯಾರಾದರೂ ಖಾಲಿ ಬರೆ() ಎಂದು ಕರೆದರೆ ಕಂಪೈಲರ್ ಯಾವುದೆಂದು ತಿಳಿಯದೆ ನಿಲ್ಲಿಸುತ್ತದೆ, ಅದಾದರೂ ವಾಸಿ, ಕೂಗಿ ಹೇಳುತ್ತದೆ.

ನೀವು ಸರ್ವಿಸ್ ಕಂಪನಿಗಳಲ್ಲಿ ಇರುವುದರಿಂದ ಇನ್ನೊಂದು ವಿಷಯವನ್ನು ಹೇಳಲೇಬೇಕು. ನಿಮ್ಮ ಜಾರ್ ಒಂದು ಕಡೆ ಬಿಲ್ಡ್ ಆಗುತ್ತದೆ, ಅದನ್ನು ಬಳಸುವ ಜಾರ್‌ಗಳು ಬೇರೆ ಕಡೆ, ಬೇರೆ ತಿಂಗಳಲ್ಲಿ ಬಿಲ್ಡ್ ಆಗಿರುತ್ತವೆ. ಕಳಿಸು(ಸ್ಟ್ರಿಂಗ್) ಎಂದಿದ್ದುದನ್ನು ಕಳಿಸು(ಸ್ಟ್ರಿಂಗ್...) ಎಂದು ಬದಲಿಸಿದರೆ ಕರೆಯುವ ಕೋಡಿನಲ್ಲಿ ಒಂದಕ್ಷರವೂ ಬದಲಾಗಬೇಕಿಲ್ಲ, ಹೀಗಾಗಿ ಯಾರಿಗೂ ತೊಂದರೆಯಿಲ್ಲ ಎಂದು ಅನಿಸುತ್ತದೆ. ನಿಜದಲ್ಲಿ, ಮೊದಲೇ ಕಂಪೈಲ್ ಆಗಿ ಕೂತ ಜಾರ್ ಹಳೆಯ ಮೆಥಡ್ ಹುಡುಕಿಕೊಂಡು ಬರುತ್ತದೆ, ಅದು ಅಲ್ಲಿರುವುದಿಲ್ಲ, ನೋಸಚ್‌ಮೆಥಡ್ ಎರರ್ ಬೀಳುತ್ತದೆ. ಬೈಟ್‌ಕೋಡಿನಲ್ಲಿ ಚುಕ್ಕಿಯ ಮೆಥಡ್ ಎಂದರೆ ಅರೇ ಪಡೆಯುವ ಮೆಥಡ್. ಒಂದು ಸ್ಟ್ರಿಂಗ್ ಪಡೆಯುವ ಮೆಥಡ್ ಅದಲ್ಲ. ಹಳೆಯದನ್ನು ಹಾಗೇ ಉಳಿಸಿ, ಚುಕ್ಕಿಯದನ್ನು ಅದರ ಪಕ್ಕಕ್ಕೆ ಸೇರಿಸಿ, ಎರಡರ ಕೆಲಸವೂ ಒಂದೇ ಇರಲಿ. ಅರೇ ಪಡೆಯುತ್ತಿದ್ದ ಮೆಥಡನ್ನು ಚುಕ್ಕಿಗೆ ಬದಲಿಸಿದರೆ ಮಾತ್ರ ಈ ಭಯವಿಲ್ಲ. ಜಾವಾ 5ರವರು ಮೆಸೇಜ್‌ಫಾರ್ಮ್ಯಾಟನ್ನೂ ರಿಫ್ಲೆಕ್ಷನ್ನಿನ ಇನ್‌ವೋಕ್ ಮೆಥಡನ್ನೂ ಹಾಗೆಯೇ ಯಾರ ಹಳೆಯ ಕೋಡೂ ಮುರಿಯದಂತೆ ಬದಲಿಸಿದರು.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವು ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೀರಿ. ಪ್ರತಿ ಕರೆಗೂ ಒಂದು ಅರೇ ಹುಟ್ಟುತ್ತದೆ. ಹೆಚ್ಚಿನ ಕಡೆ ಅದು ಲೆಕ್ಕಕ್ಕೆ ಬಾರದು. ಸೆಕೆಂಡಿಗೆ ಲಕ್ಷ ಸಲ ಓಡುವ ಕಡೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದಕ್ಕಾಗಿಯೇ ಈನಮ್‌ಸೆಟ್.ಆಫ್ ಒಂದರಿಂದ ಐದು ಮೌಲ್ಯಗಳಿಗೆ ಬೇರೆ ಬೇರೆ ಮೆಥಡ್ ಇಟ್ಟು, ಅದಕ್ಕಿಂತ ಹೆಚ್ಚಾದರೆ ಚುಕ್ಕಿಗೆ ಹೋಗುತ್ತದೆ. 2017ರಲ್ಲಿ ಜಾವಾ 9ರ ಜೊತೆ ಬಂದ ಲಿಸ್ಟ್.ಆಫ್ ಹತ್ತರವರೆಗೂ ಹಾಗೆ ಇಟ್ಟಿದೆ. ನೀವು ದಿನಾ ಬಳಸುವ ಲಾಗರ್‌ನಲ್ಲಿಯೂ ಒಂದು, ಎರಡು ಆರ್ಗ್ಯುಮೆಂಟಿಗೆ ಪ್ರತ್ಯೇಕ ಮೆಥಡ್ ಇದೆ. ಲಾಗರ್ ಮಾತು ಬಂದದ್ದರಿಂದ ಒಂದು ಉಪಯುಕ್ತ ಸಂಗತಿ: ಎಸ್‌ಎಲ್‌ಎಫ್‌4ಜೆಯಲ್ಲಿ ಎಕ್ಸೆಪ್ಷನ್ನನ್ನು ಕೊನೆಯ ಆರ್ಗ್ಯುಮೆಂಟಾಗಿ ಕೊಡಿ, ಅದಕ್ಕಾಗಿ ಸಂದೇಶದ ಸಾಲಿನಲ್ಲಿ {} ಎಂಬ ಆವರಣದ ಜೋಡಿ ಇಡಬೇಡಿ. ಆಗ ಪೂರ್ತಿ ಸ್ಟಾಕ್‌ಟ್ರೇಸ್ ಬರುತ್ತದೆ. ನಡುವೆ ತುರುಕಿದರೆ ಅದರ ಹೆಸರಿನ ಒಂದು ಸಾಲು ಬಂದು ಮುಗಿಯುತ್ತದೆ, ರಾತ್ರಿ ಶಿಫ್ಟಿನವರು ಕತ್ತಲಲ್ಲಿ ತಡಕಾಡುತ್ತಾರೆ.

ಜೆನೆರಿಕ್ಸ್ ಜೊತೆ ಚುಕ್ಕಿ ಸೇರಿದರೆ ಕಂಪೈಲರ್ ಹೀಪ್ ಪೊಲ್ಯೂಷನ್ ಎಂದು ಎಚ್ಚರಿಸುತ್ತದೆ. ಅರೇಗೆ ಓಡುವಾಗ ತನ್ನ ಟೈಪ್ ನೆನಪಿರುತ್ತದೆ, ಜೆನೆರಿಕ್‌ಗೆ ಇರುವುದಿಲ್ಲ. ಎರಡರ ನಡುವೆ ತಪ್ಪು ವಸ್ತು ನುಸುಳಬಹುದು. 2011ರ ಜಾವಾ 7ರಲ್ಲಿ ಸೇಫ್‌ವಾರ್‌ಆರ್ಗ್ಸ್ ಎಂಬ ಅನೊಟೇಷನ್ ಬಂತು. ಅದನ್ನು ಹಚ್ಚಿದರೆ ಎಚ್ಚರಿಕೆ ಮಾಯವಾಗುತ್ತದೆ, ಆದ್ದರಿಂದಲೇ ಹುಡುಗರು ಕಣ್ಣುಮುಚ್ಚಿ ಹಚ್ಚುತ್ತಾರೆ. ಅದು ಮದ್ದಲ್ಲ, ನಿಮ್ಮ ಸಹಿ. ನನ್ನ ಮೆಥಡ್ ಈ ಅರೇಯೊಳಗೆ ಏನನ್ನೂ ಬರೆಯುವುದಿಲ್ಲ, ಇದನ್ನು ಹೊರಗೆ ಯಾರ ಕೈಗೂ ಕೊಡುವುದಿಲ್ಲ, ಓದುವುದಷ್ಟೇ ನನ್ನ ಕೆಲಸ ಎಂದು ಖಾತ್ರಿಯಿದ್ದರೆ ಹಚ್ಚಿ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಇದನ್ನು ಬಳಸಲೇಬಾರದೇ ಎಂದು ಕೇಳುವಿರಿ. ಬಳಸಿ, ಜಾಗ ನೋಡಿ ಬಳಸಿ. ಟೆಸ್ಟ್‌ಗಳಲ್ಲಿ ಬಹಳ ಚೆನ್ನಾಗಿ ಒಪ್ಪುತ್ತದೆ, ಕರೆಯುವ ಜಾಗದಲ್ಲೇ ಮೌಲ್ಯಗಳು ಕಣ್ಣೆದುರು ಸಾಲಾಗಿ ಕಾಣುತ್ತವೆ. ಲಾಗಿಂಗ್, ಫಾರ್ಮ್ಯಾಟಿಂಗ್, ಸಣ್ಣ ಸಹಾಯಕ ಮೆಥಡ್‌ಗಳು, ಇಲ್ಲೆಲ್ಲಾ ಅದು ಬೇಕು. ಆದರೆ ಬ್ಯಾಂಕಿನ, ವಿಮೆಯ ಕೋಡಿನಲ್ಲಿ ನಿಮ್ಮ ಡೇಟಾ ಹೆಚ್ಚಾಗಿ ಡೇಟಾಬೇಸಿನಿಂದ ಲಿಸ್ಟ್ ಆಗಿಯೇ ಬಂದಿರುತ್ತದೆ. ಮೆಥಡ್ ಕರೆಯುವ ಪ್ರತಿಯೊಬ್ಬರೂ ಲಿಸ್ಟನ್ನು ಅರೇಗೆ ಬದಲಿಸಿ ಕೊಡುತ್ತಿದ್ದಾರೆ ಎಂದರೆ, ಅಲ್ಲಿ ಚುಕ್ಕಿ ಇಟ್ಟದ್ದೇ ತಪ್ಪು. ಲಿಸ್ಟನ್ನೇ ತೆಗೆದುಕೊಳ್ಳಿ. ಹೆಸರು, ಖಾತೆ ಸಂಖ್ಯೆ, ಊರು ಎಂಬ ಬೇರೆ ಬೇರೆ ಅರ್ಥದ ಮೂರು ಸ್ಟ್ರಿಂಗ್‌ಗಳನ್ನು ಒಂದೇ ಚುಕ್ಕಿಯ ಬಾಯಿಗೆ ಹಾಕಿ, ಒಳಗೆ ಸೊನ್ನೆ, ಒಂದು, ಎರಡು ಎಂದು ಎಣಿಸಿ ತೆಗೆಯುವುದನ್ನಂತೂ ಮಾಡಲೇಬೇಡಿ. ಯಾವುದು ಯಾವ ಜಾಗಕ್ಕೆ ಎಂಬುದನ್ನು ಬರೆದವರು ಕೆಲಸ ಬಿಟ್ಟು ಹೋದ ಮೇಲೆ ಯಾರೂ ಹೇಳಲಾರರು. ಅಂಥ ಕೋಡ್ ರಿವ್ಯೂಗೆ ಬಂದರೆ, ಬರೆದವರು ನಿಮಗಿಂತ ಹಿರಿಯರಾಗಿದ್ದರೂ ಮರ್ಯಾದೆಯಿಂದ, ಆದರೆ ಸ್ಪಷ್ಟವಾಗಿ ಹೇಳಿ. ಹೊಸಬರು ಸುಮ್ಮನಿರಬೇಕು ಎಂಬ ನಿಯಮ ರಿವ್ಯೂನಲ್ಲಿ ಇಲ್ಲ.

ಮುಂದಿನ ಸಲ ಮೂರು ಚುಕ್ಕಿಯ ಮೆಥಡ್ ಬರೆದಾಗ, ಕಮಿಟ್ ಮಾಡುವ ಮೊದಲು ಅದಕ್ಕೆ ನಾಲ್ಕು ಟೆಸ್ಟ್ ಬರೆಯಿರಿ: ಏನೂ ಕೊಡದೆ ಕರೆದದ್ದು, ಒಂದನ್ನೇ ಕೊಟ್ಟದ್ದು, ಕಟ್ಟಿದ ಅರೇಯನ್ನೇ ಕೊಟ್ಟದ್ದು, ನಲ್ ಕೊಟ್ಟದ್ದು. ನಾಲ್ಕಕ್ಕೂ ಏನಾಗಬೇಕು ಎಂದು ನಿಮಗೇ ಹೇಳಲು ಬಾರದಿದ್ದರೆ ಚುಕ್ಕಿ ಅಳಿಸಿ, ಪ್ಯಾರಾಮೀಟರುಗಳಿಗೆ ಹೆಸರಿಟ್ಟು ಬರೆಯಿರಿ.